ರೋಸಾ ಪಾರ್ಕ್ಸ್ ಪಾಠ: 36 ಸೀಟಿನ ಬಸ್ಸನ್ನು ಕಾರ್ಡ್‌ಶೀಟಿನ ಮೇಲೆ ಕಟ್ಟುವುದು ಹೇಗೆ

ಬಿಳಿಯರಿಗೆ ಬಸ್ಸಿನ ಸೀಟು ಬಿಡಲೊಪ್ಪದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಅವರ ಪಾಠವನ್ನು ಹುಟ್ಟಿದ ಊರು, ಇಸವಿಯಿಂದ ಶುರು ಮಾಡಬೇಡಿ. ಬಸ್ಸಿನಿಂದ ಶುರು ಮಾಡಿ. ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್‌ಗೊಮರಿಯಲ್ಲಿ ಯಾರು ಎಲ್ಲಿ ಕೂರಬೇಕೆಂಬ ನಿಯಮ ಮಕ್ಕಳ ಕಣ್ಣಿಗೆ ಬಿದ್ದರೆ ಉಳಿದದ್ದು ಸಲೀಸು.

ಎರಡು ಪೀರಿಯಡ್ ಇಟ್ಟುಕೊಳ್ಳಿ. ಐದು ಮಕ್ಕಳ ಗುಂಪಿಗೆ ಒಂದು ಕಾರ್ಡ್‌ಶೀಟ್, 26 ಹುಣಸೆಬೀಜ, 11 ಅವರೆಕಾಳು ಸಾಕು. ಹಾಳೆಯ ಮೇಲೆ 36 ಚೌಕ ಬರೆಸಿ: ಮುಂದೆ 10, ನಡುವೆ 16, ಹಿಂದೆ 10. ನಡುವಿನ 16ನ್ನು ನಾಲ್ಕು ಸಾಲು ಮಾಡಿ, ಓಡಾಡುವ ದಾರಿಯ ಆಚೆಗೆರಡು, ಈಚೆಗೆರಡು.

ಈಗ ನಿಯಮ ಹೇಳಿ. ಮುಂದಿನ 10 ಬಿಳಿಯರದು. ಅವು ಖಾಲಿ ಇದ್ದರೂ ಕಪ್ಪು ಜನ ನಿಂತೇ ಹೋಗಬೇಕು. ಹಿಂದಿನ 10 ಕಪ್ಪು ಜನರದು. ನಡುವೆ ಅವರು ಕೂರಬಹುದು, ಚಾಲಕ ಏಳು ಎನ್ನುವ ತನಕ. ಮುಂದೆ 10 ಅವರೆಕಾಳು, ಉಳಿದ ಕಡೆ ಹುಣಸೆಬೀಜ ಇಡಿಸಿ. ಹನ್ನೊಂದನೆಯ ಅವರೆಕಾಳನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳಿ: ಎಷ್ಟು ಬೀಜ ಏಳಬೇಕು?

‘ಒಂದು’ ಎನ್ನುತ್ತಾರೆ. ಉತ್ತರ ನಾಲ್ಕು. ಬಿಳಿಯರು ಕೂತ ಸಾಲಿನಲ್ಲಿ ಕಪ್ಪು ಜನ ಕೂರುವಂತಿರಲಿಲ್ಲ, ದಾರಿಯ ಆಚೆಬದಿಯಲ್ಲಿ ಕೂಡ. ನಾಲ್ಕೂ ಬೀಜ ತೆಗೆಸಿ, ಒಂದೇ ಒಂದು ಕಾಳು ಕೂತ ಆ ಸಾಲನ್ನು ಮಕ್ಕಳು ಸುಮ್ಮನೆ ನೋಡಲಿ. ಇಲ್ಲಿ ಅವಸರ ಬೇಡ.

ಬೀಜಗಳನ್ನು ವಾಪಸ್ ಇಟ್ಟು 1955ರ ಡಿಸೆಂಬರ್ 1ರ ಸಂಜೆಗೆ ಬನ್ನಿ. ನಡುಭಾಗದ ಮೊದಲ ಸಾಲಿನ ನಾಲ್ವರಲ್ಲಿ ಮೂವರು ಎದ್ದರು. ಕಿಟಕಿ ಪಕ್ಕದಲ್ಲಿದ್ದ ಗಂಡಸು ಎದ್ದಾಗ ಪಾರ್ಕ್ಸ್ ಆತನಿಗೆ ದಾರಿ ಬಿಟ್ಟು, ತಾವು ಏಳದೆ ಕಿಟಕಿಯತ್ತ ಸರಿದು ಕೂತರು. ಆ ಬೀಜವನ್ನು ಮಕ್ಕಳ ಕೈಯಿಂದಲೇ ಸರಿಸಿ.

ಪಾಠ ಹೆಚ್ಚಾಗಿ ದಾರಿ ತಪ್ಪುವುದು ಇಲ್ಲೇ. ‘ದುಡಿದು ದಣಿದಿದ್ದ ಮುದುಕಿ, ಏಳಲಾಗಲಿಲ್ಲ’ ಎಂದುಬಿಡುತ್ತೇವೆ. ಅವರಿಗೆ ಆಗ 42. ಬೆಳೆದ ಊರಾದ ಪೈನ್ ಲೆವೆಲ್‌ನಲ್ಲಿ ಬಿಳಿಯ ಮಕ್ಕಳು ಶಾಲಾ ಬಸ್ಸಿನಲ್ಲಿ ಹೋಗುವಾಗ ನಡೆದು ಹೋದ ಹುಡುಗಿ ಅವರು. 1943ರಲ್ಲಿ, ಕಪ್ಪು ಜನರ ಹಕ್ಕಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆಯ ಮಾಂಟ್‌ಗೊಮರಿ ಶಾಖೆಯ ಕಾರ್ಯದರ್ಶಿಯಾದರು. ಅದೇ ವರ್ಷ ಜೇಮ್ಸ್ ಬ್ಲೇಕ್ ಎಂಬ ಚಾಲಕ, ಇಳಿದು ಹಿಂಬಾಗಿಲಿಂದ ಹತ್ತು ಎಂದು ಅವರನ್ನು ಇಳಿಸಿ ಬಸ್ ಬಿಟ್ಟುಕೊಂಡು ಹೋಗಿದ್ದ. 1955ರಲ್ಲಿ ಪೊಲೀಸರನ್ನು ಕರೆಸಿದವನೂ ಅವನೇ.

ಇನ್ನೊಂದು ತಪ್ಪು, ಮಕ್ಕಳಿಗೇ ‘ನೀನು ಬಿಳಿಯ, ನೀನು ಕರಿಯ’ ಎಂದು ಪಾತ್ರ ಹಂಚುವುದು. ಬೇಡವೇ ಬೇಡ. ಮೈಬಣ್ಣದ, ಜಾತಿಯ ಗಾಯ ನಮ್ಮ ತರಗತಿಯಲ್ಲೂ ಕೂತಿರುತ್ತದೆ. ಅದಕ್ಕೇ ಬೀಜ. ಹೋಟೆಲಿನ ಬೇರೆ ಲೋಟದ ಮಾತನ್ನು ಯಾವುದಾದರೂ ಮಗು ಎತ್ತಿದರೆ ತಡೆಯಬೇಡಿ. ಒಂದು ವ್ಯತ್ಯಾಸ ಮಾತ್ರ ತಿಳಿಸಿ: ನಮ್ಮ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿತ್ತು, ಅಲಬಾಮಾದಲ್ಲಿ ಕಾನೂನೇ ಪ್ರತ್ಯೇಕಿಸುತ್ತಿತ್ತು.

ಎರಡನೇ ಪೀರಿಯಡ್‌ನಲ್ಲಿ ಒಂದು ಲೆಕ್ಕ ಕೊಡಿ. ಆಗ ಅಲಬಾಮಾದಲ್ಲಿ ಮತದಾರರ ಪಟ್ಟಿಗೆ ಸೇರಲು 21ನೇ ವಯಸ್ಸಿನಿಂದ ವರ್ಷಕ್ಕೆ ಒಂದೂವರೆ ಡಾಲರ್ ತೆರಿಗೆ, ಬಾಕಿ ಸಮೇತ. 1945ರಲ್ಲಿ, ಮೂರನೇ ಯತ್ನದಲ್ಲಿ ಹೆಸರು ಸೇರಿಸಿಕೊಂಡಾಗ ಪಾರ್ಕ್ಸ್ ಕಟ್ಟಿದ್ದೆಷ್ಟು? 16 ಡಾಲರ್ 50 ಸೆಂಟ್. ಬಸ್ಸಿನ ಪ್ರಕರಣದಲ್ಲಿ ದಂಡ, ಕೋರ್ಟು ಖರ್ಚು ಸೇರಿ ಅವರಿಗೆ ವಿಧಿಸಿದ್ದು 14 ಡಾಲರ್. ವೋಟಿನ ಹಕ್ಕೇ ದಂಡಕ್ಕಿಂತ ದುಬಾರಿ.

ಪಾರ್ಕ್ಸ್ ಬಂಧನದ ನಂತರ ಕಪ್ಪು ಜನ ಊರಿನ ಬಸ್ ಹತ್ತದೆ ಮಾಡಿದ ಬಹಿಷ್ಕಾರ 381 ದಿನ ನಡೆಯಿತು. ಬಸ್ಸಿನ ಈ ನಿಯಮದ ವಿರುದ್ಧ ಗೆದ್ದ ಮೊಕದ್ದಮೆ ಪಾರ್ಕ್ಸ್ ಅವರದಲ್ಲ, ಇದನ್ನು ತಪ್ಪದೆ ಹೇಳಿ. ಅವರ ಪ್ರಕರಣ ರಾಜ್ಯದ ಕೋರ್ಟುಗಳಲ್ಲಿ ಸಿಕ್ಕಿಬೀಳಬಹುದೆಂದು ವಕೀಲರು ‘ಬ್ರೌಡರ್ ವಿರುದ್ಧ ಗೇಲ್’ ಎಂಬ ಬೇರೆ ದಾವೆ ಹೂಡಿದರು. ಅದರಲ್ಲಿ ಕ್ಲಾಡೆಟ್ ಕಾಲ್ವಿನ್ ಇದ್ದಳು. ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮೊದಲೇ ಸೀಟು ಬಿಡದೆ ಬಂಧನಕ್ಕೊಳಗಾದಾಗ ಅವಳಿಗೆ 15 ವರ್ಷ, ನಿಮ್ಮ ಹತ್ತನೇ ಕ್ಲಾಸಿನ ಹುಡುಗಿಯ ವಯಸ್ಸು.

ಪಾರ್ಕ್ಸ್ ಕೆಲಸ ಕಳೆದುಕೊಂಡರು, 1957ರಲ್ಲಿ ಡೆಟ್ರಾಯಿಟ್‌ಗೆ ಹೋದರು. ಅಲ್ಲಿ ಬಸ್ಸಿನ ಸೀಟು ಬೇರೆ ಇರಲಿಲ್ಲ, ಮನೆ ಸಿಗುವ ಬೀದಿಗಳು ಬೇರೆ ಇದ್ದವು. 1965ರಿಂದ 1988ರವರೆಗೆ ಸಂಸದ ಜಾನ್ ಕಾನ್ಯರ್ಸ್ ಕಚೇರಿಯಲ್ಲಿ ಅವರು ಕೇಳಿಸಿಕೊಂಡ ಅಹವಾಲುಗಳಲ್ಲಿ ಮನೆಯ ತೊಂದರೆಗಳೂ ಇದ್ದವು.