ಮಗು ಇನ್ನೂ ಮಾತಾಡುತ್ತಿಲ್ಲ, ಮನೆಯಲ್ಲಿ ನಾಗದೋಷ ಅಂತಾರೆ: ಏನು ಮಾಡೋದು?

ಎರಡು ವರ್ಷ ತುಂಬಿದರೂ ಮಗು ಎರಡು ಪದ ಜೋಡಿಸುತ್ತಿಲ್ಲ. ಹೆಸರು ಕರೆದರೆ ತಿರುಗುವುದಿಲ್ಲ, ಆಟದ ಕಾರಿನ ಚಕ್ರ ತಿರುಗಿಸುತ್ತಾ ಕೂರುತ್ತದೆ. ಅಷ್ಟರಲ್ಲಿ ಮನೆಯಲ್ಲಿ ಜಾತಕ ಹೊರಗೆ ಬಂದಿರುತ್ತದೆ. ಅತ್ತೆ ನಾಗದೋಷ ಅಂತಾರೆ, ದೊಡ್ಡಮ್ಮ ದೃಷ್ಟಿ ಅಂತಾರೆ, ಪಕ್ಕದ ಮನೆಯವರು 'ಬಸುರಿಯಲ್ಲಿ ಗ್ರಹಣ ನೋಡಿದ್ಯಾ' ಅಂತ ತಾಯಿಯನ್ನೇ ಕೇಳುತ್ತಾರೆ. ಯಾವ ದೋಷವಾದರೂ ಕೊನೆಗೆ ಬಂದು ಕೂರುವುದು ತಾಯಿಯ ತಲೆಯ ಮೇಲೆ, ಗಮನಿಸಿದ್ದೀರಾ?

ವಾದಕ್ಕೆ ಇಳಿಯಬೇಡಿ, ಸಮಯ ಹಾಳು. ಕುಕ್ಕೆಯಲ್ಲಿ ಸರ್ಪಸಂಸ್ಕಾರ ಆಗಬೇಕು ಅಂದರೆ 'ಆಗಲಿ' ಅನ್ನಿ. ಅದು ಎರಡು ದಿನದ ಸೇವೆ, ದಿನ ಸಿಗಲು ಕಾಯಬೇಕಾಗಬಹುದು, ಆಮೇಲೆ 'ಪೂಜೆಯ ಫಲ ನೋಡೋಣ' ಅಂತ ಇನ್ನೊಂದಷ್ಟು ತಿಂಗಳು ಹೋಗುತ್ತದೆ, ಅಷ್ಟರಲ್ಲಿ ಮಗುವಿಗೆ ಮೂರು ತುಂಬಿರುತ್ತದೆ. ನಷ್ಟ ಆಗುವುದು ಪೂಜೆಯಿಂದಲ್ಲ, ಈ ಕಾಯುವುದರಿಂದ. ಹಾಗಾಗಿ ಇವತ್ತೇ ಹಳದಿ ಬಟ್ಟೆಯಲ್ಲಿ ಮುಡಿಪು ಕಟ್ಟಿ ದೇವರ ಮುಂದೆ ಇಡಿ, ಹರಕೆಯನ್ನು ಆಮೇಲೆ ತೀರಿಸಬಹುದು. ಅದೇ ವಾರ ಡಾಕ್ಟರ ಹತ್ತಿರ ದಿನ ಗೊತ್ತು ಮಾಡಿಕೊಳ್ಳಿ.

ಮೊದಲು ಕಿವಿ ಪರೀಕ್ಷೆ. ಕೇಳಿಸದ ಮಗುವೂ ಕರೆದರೆ ತಿರುಗುವುದಿಲ್ಲ ಅಲ್ವಾ? ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡನ್ನೂ ನೋಡುತ್ತಾರೆ. ಬೆಂಗಳೂರಿನವರಿಗೆ ನಿಮ್ಹಾನ್ಸ್ ಇದೆ. ದೂರ ಹೋಗಲು ಆಗದಿದ್ದರೆ ಅಂಗನವಾಡಿ ಟೀಚರನ್ನು ಕೇಳಿ. ಅಲ್ಲಿಗೆ ಆರ್‌ಬಿಎಸ್‌ಕೆ ಅನ್ನುವ ಸರ್ಕಾರಿ ಮಕ್ಕಳ ಆರೋಗ್ಯ ಯೋಜನೆಯ ಡಾಕ್ಟರ ತಂಡ ಬರುತ್ತದೆ, ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಜಿಲ್ಲಾ ಮಟ್ಟದ ಡಿಇಐಸಿ ಕೇಂದ್ರಕ್ಕೆ ಅವರೇ ಚೀಟಿ ಬರೆದುಕೊಡುತ್ತಾರೆ. ಹದಿನಾರು ತಿಂಗಳಾದರೂ ಒಂದೂ ಪದ ಇಲ್ಲದಿದ್ದರೆ, ಅಥವಾ ಬರುತ್ತಿದ್ದ ಮಾತು ಯಾವ ವಯಸ್ಸಿನಲ್ಲಾದರೂ ನಿಂತುಹೋದರೆ, ಒಂದು ದಿನವೂ ತಡ ಮಾಡಬೇಡಿ. 'ಅವರಪ್ಪನೂ ನಾಲ್ಕಕ್ಕೇ ಮಾತಾಡಿದ್ದು' ಅನ್ನುವ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಿ.

ನಾಲಿಗೆಗೆ ಬಜೆ ತೇಯ್ದು ಹಚ್ಚಿದ್ದೀರಾ, ಯಾರೋ ಭಸ್ಮ ಕೊಟ್ಟಿದ್ದಾರಾ? ಡಾಕ್ಟರ ಹತ್ತಿರ ಮುಚ್ಚಿಡಬೇಡಿ, ಪೊಟ್ಟಣವನ್ನೇ ತೆಗೆದುಕೊಂಡು ಹೋಗಿ. ಕೆಲವು ಭಸ್ಮಗಳಲ್ಲಿ ಸೀಸ, ಪಾದರಸ ಇರುತ್ತದೆ, ಸೀಸ ಮಕ್ಕಳ ಮೆದುಳಿಗೇ ಕೆಡುಕು. ಒಂದು ವರ್ಷದೊಳಗಿನ ಮಗುವಿಗೆ ಜೇನೂ ಬೇಡ. ತಾಯಿತ ಕಟ್ಟಿದರೆ ಕಟ್ಟಲಿ ಬಿಡಿ, ದಾರ ಬಿಗಿಯಾಗದಿದ್ದರೆ, ಮಗು ಬಾಯಿಗೆ ಹಾಕದಿದ್ದರೆ ಸಾಕು.

ಆದರೆ ಕೆಲವಕ್ಕೆ ಖಡಾಖಂಡಿತವಾಗಿ ಬೇಡ ಅನ್ನಬೇಕು. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಹೂತಿದ್ದರು. ಗುಣವಾಗುತ್ತದೆ ಅನ್ನುವ ಆಸೆಗೆ, ಹೆತ್ತವರೇ. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ, ಸರಿಯಾದ ದಾರಿ ತೋರಿಸುವವರು ಹತ್ತಿರದಲ್ಲಿ ಇರಲಿಲ್ಲವೇನೋ. ಹೊಡೆಯುವುದು, ಬರೆ ಹಾಕುವುದು, ಹೊಗೆ ಕುಡಿಸುವುದು, ಉಪವಾಸ ಕೆಡವುವುದು, ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸು ಅನ್ನುವುದು, ಇದರಲ್ಲಿ ಒಂದು ಕೇಳಿಬಂದರೂ ಮಗುವನ್ನು ಎತ್ತಿಕೊಂಡು ಎದ್ದು ಬನ್ನಿ. ದೆವ್ವ ಬಿಡಿಸುತ್ತೇವೆ ಅಂತ ಹಿಂಸೆ ಕೊಡುವುದು ರಾಜ್ಯದ 2017ರ ಕಾಯ್ದೆಯಲ್ಲಿ ಅಪರಾಧ.

ಡಾಕ್ಟರು ಆಟಿಸಂ (ಮಾತು, ಜನರ ಜೊತೆ ಬೆರೆಯುವುದು ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ) ಅಂದರೆ ಥೆರಪಿ ಜೊತೆಗೇ ಯುಡಿಐಡಿ ಕಾರ್ಡಿಗೂ, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಗೂ, ಅರ್ಜಿ ಹಾಕಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಕೂಡ ಇದೆ.

ಇನ್ನು ಹರಕೆ ತೀರಿಸಲು ಹೊರಟಾಗ. ಇಂಥ ಎಷ್ಟೋ ಮಕ್ಕಳಿಗೆ ಗಂಟೆ, ಜಾಗಟೆ, ನೂಕುನುಗ್ಗಲು ತಡೆಯಲು ಆಗುವುದಿಲ್ಲ. ರಜೆ, ಹಬ್ಬ, ಷಷ್ಠಿ ಬಿಟ್ಟು ಬೇರೆ ದಿನ ಹೋಗಿ. ಮಂಗಳಾರತಿ ಹೊತ್ತಿಗೆ ಒಬ್ಬರು ಮಗುವನ್ನು ಹೊರಗೆ ಆಡಿಸಲಿ. ಮುಡಿ ಕೊಡುವುದಿದ್ದರೆ ನಾಲ್ಕು ಜನ ಹಿಡಿದು ಬೋಳಿಸಬೇಡಿ, ಮೂರು ಕುಡಿ ಕೂದಲು ಸಾಕಾ ಅಂತ ಅರ್ಚಕರನ್ನೇ ಕೇಳಿ.