ಗ್ರಾಫಿಕ್ಸ್ ಡ್ರೈವರ್ ಕೈಕೊಟ್ಟಾಗ: ಅಳಿಸುವ ಮುನ್ನ ನೋಡಬೇಕಾದ್ದು

ಗೇಮ್ ನಡುವೆ ಸ್ಕ್ರೀನ್ ಕಪ್ಪಾಗಿ ಮತ್ತೆ ಬರುತ್ತದೆ. ಇಲ್ಲವೇ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಐಕಾನ್‌ಗಳೆಲ್ಲ ದಪ್ಪಗಾಗಿ, ವಿಡಿಯೊ ತಡವರಿಸತೊಡಗುತ್ತದೆ. ಕೇಳಿದರೆ ಎಲ್ಲರೂ ಕೊಡುವ ಸಲಹೆ ಒಂದೇ: ಡ್ರೈವರ್, ಅಂದರೆ ಗ್ರಾಫಿಕ್ಸ್ ಕಾರ್ಡನ್ನು ವಿಂಡೋಸ್ ನಡೆಸಲು ಬೇಕಾದ ಸಾಫ್ಟ್‌ವೇರ್, ತೆಗೆದು ಹೊಸದು ಹಾಕಿ. ಆದರೆ ತಪ್ಪು ಡ್ರೈವರ್‌ನದೋ ಕಾರ್ಡ್‌ನದೋ ಎಂದು ತಿಳಿಯದೆ ಅದಕ್ಕೆ ಕೈಹಾಕಿದರೆ ಸಂಜೆಯೆಲ್ಲ ಹಾಳು.

ಸ್ಕ್ರೀನ್ ಈಗಲೇ ಕಪ್ಪಾಗಿ ನಿಂತಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಗಳನ್ನು ಒಟ್ಟಿಗೆ ಒತ್ತಿ. ಡ್ರೈವರ್ ಮರುಚಾಲನೆಯಾಗುತ್ತದೆ, ಸಾಮಾನ್ಯವಾಗಿ ಒಂದು ಬೀಪ್ ಕೇಳಿಸಿ ಚಿತ್ರ ಮರಳುತ್ತದೆ. ತೆರೆದಿಟ್ಟ ಕಡತಗಳಿಗೆ ಏನೂ ಆಗದು.

ನಂತರ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್‌ಗೆ, ಅಂದರೆ ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್ಸ್ ಪರದೆಗೆ ಹೋಗಿ. ಅಲ್ಲಿ ವಿಂಡೋಸ್ ಡ್ರೈವರ್ ಇನ್ನೂ ಲೋಡ್ ಆಗಿರುವುದಿಲ್ಲ. ಅಲ್ಲಿಯೂ ಗೆರೆ, ಬಣ್ಣದ ಚುಕ್ಕೆ ಕಂಡರೆ ದೋಷ ಕಾರ್ಡ್, ಕೇಬಲ್ ಅಥವಾ ಮಾನಿಟರ್‌ನದು. ಡ್ರೈವರ್ ಎಷ್ಟು ಸಲ ಬದಲಿಸಿದರೂ ಪ್ರಯೋಜನವಿಲ್ಲ. ಮೊದಲು ಕೇಬಲ್ ಬದಲಿಸಿ, ಮನೆಯ ಟಿವಿಗೆ ಜೋಡಿಸಿ ನೋಡಿ. ಡೆಸ್ಕ್‌ಟಾಪ್ ಆದರೆ ಹಿಂಬದಿಗೂ ಒಮ್ಮೆ ಕಣ್ಣು ಹಾಯಿಸಿ: ಧೂಳು ಒರೆಸಿದ ಮೇಲೆ ಎಚ್‌ಡಿಎಂಐ ಕೇಬಲ್ಲನ್ನು ಕಾರ್ಡ್ ಬಿಟ್ಟು ಮದರ್‌ಬೋರ್ಡಿಗೆ ಚುಚ್ಚಿರುವುದು ತೀರಾ ಸಾಮಾನ್ಯ. ಐ5-12400ಎಫ್‌ನಂತೆ ಹೆಸರಿನ ಕೊನೆಗೆ ಎಫ್ ಇರುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ, ಹಾಗಾಗಿ ಮದರ್‌ಬೋರ್ಡ್ ಪೋರ್ಟಿನಲ್ಲಿ ಚಿತ್ರವೇ ಬರದು.

ಬಯೋಸ್‌ನಲ್ಲಿ ಚಿತ್ರ ಸರಿಯಿದ್ದರೆ ವಿಂಡೋಸ್‌ಗೆ ಬನ್ನಿ. ವಿಂಡೋಸ್ ಮತ್ತು ಎಕ್ಸ್ ಒತ್ತಿ ಡಿವೈಸ್ ಮ್ಯಾನೇಜರ್ ತೆರೆದು ಡಿಸ್‌ಪ್ಲೇ ಅಡಾಪ್ಟರ್ಸ್ ನೋಡಿ. ಕಾರ್ಡಿನ ಹೆಸರಿನ ಜಾಗದಲ್ಲಿ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಿದ್ದರೆ ನಿಜವಾದ ಡ್ರೈವರ್ ಲೋಡ್ ಆಗಿಲ್ಲ. ಹಳದಿ ತ್ರಿಕೋನ ಇದ್ದರೆ ಡಬಲ್ ಕ್ಲಿಕ್ ಮಾಡಿ ಕೋಡ್ ಓದಿ. 22 ಎಂದರೆ ಯಾರೋ ಡಿಸೇಬಲ್ ಮಾಡಿದ್ದಾರೆ, ಎನೇಬಲ್ ಮಾಡಿದರೆ ಮುಗಿಯಿತು. 43 ಸ್ವಲ್ಪ ಗಂಭೀರ: ಸಾಧನ ಕೆಲಸ ಮಾಡುತ್ತಿಲ್ಲವೆಂದು ಡ್ರೈವರ್ರೇ ವಿಂಡೋಸ್‌ಗೆ ದೂರು ಕೊಟ್ಟಿದೆ. ಡ್ರೈವರ್ ಕೆಟ್ಟಿದ್ದರೂ ಇದು ಬರುತ್ತದೆ, ಕಾರ್ಡ್ ಸತ್ತಿದ್ದರೂ ಬರುತ್ತದೆ.

ಕಪ್ಪಾಗಿ ಮರಳುವ ತೊಂದರೆಗೆ, ವಿಂಡೋಸ್ ತನ್ನ ದೋಷಗಳನ್ನು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ ವಿಂಡೋಸ್ ಲಾಗ್ಸ್, ಸಿಸ್ಟಮ್ ತೆರೆದು 4101 ಸಂಖ್ಯೆಯ ನಮೂದು ಹುಡುಕಿ. ಗ್ರಾಫಿಕ್ಸ್ ಚಿಪ್ 2 ಸೆಕೆಂಡ್‌ನೊಳಗೆ ಉತ್ತರ ಕೊಡದಿದ್ದರೆ ವಿಂಡೋಸ್ ಡ್ರೈವರನ್ನು ಬಲವಂತವಾಗಿ ಮರುಚಾಲನೆ ಮಾಡಿ ಈ ನಮೂದು ಬರೆಯುತ್ತದೆ. ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಯಲ್ಲಿ ಟಿಡಿಆರ್ ಡಿಲೇ ಎಂಬ ಮೌಲ್ಯ ಹಾಕಿ ಆ 2 ಸೆಕೆಂಡ್ ಅವಧಿ ಹೆಚ್ಚಿಸಿ ಎನ್ನುವವರಿದ್ದಾರೆ. 3ಡಿ ಚಿತ್ರ ತಯಾರಿಸುವ ಬ್ಲೆಂಡರ್‌ನಲ್ಲಿ ಭಾರಿ ರೆಂಡರ್ ಮಾಡುವವರಿಗೆ ಅದು ಸರಿ. ಉಳಿದವರಿಗೆ ಜ್ವರ ಹಾಗೇ ಬಿಟ್ಟು ಥರ್ಮಾಮೀಟರ್ ಬದಲಿಸಿದಂತೆ.

ತೊಂದರೆ ಅಪ್‌ಡೇಟ್ ನಂತರವೇ ಶುರುವಾಗಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಪ್ರಾಪರ್ಟೀಸ್ ತೆರೆದು ಡ್ರೈವರ್ ಟ್ಯಾಬಿನಲ್ಲಿ ರೋಲ್ ಬ್ಯಾಕ್ ಡ್ರೈವರ್ ಒತ್ತಿ. ಬಟನ್ ಮಂಕಾಗಿದ್ದರೆ ಹಳೆಯ ಪ್ರತಿ ಉಳಿದಿಲ್ಲ. ಆಗ ಹೊಸದಾಗಿ ಹಾಕುವುದೇ ದಾರಿ. ಕಾರ್ಡ್ ಎನ್‌ವಿಡಿಯಾ ಕಂಪನಿಯದಾದರೆ ಇನ್‌ಸ್ಟಾಲರ್‌ನಲ್ಲಿ ಕಸ್ಟಮ್ ಆರಿಸಿ ಕ್ಲೀನ್ ಇನ್‌ಸ್ಟಲೇಶನ್‌ಗೆ ಟಿಕ್ ಹಾಕಿ. ಎಎಂಡಿಯಲ್ಲಿ ಫ್ಯಾಕ್ಟರಿ ರೀಸೆಟ್. ಬಹಳಷ್ಟು ಸಲ ಇಷ್ಟೇ ಸಾಕು. ಲ್ಯಾಪ್‌ಟಾಪ್‌ಗೆ ಮೊದಲು ಅದರ ತಯಾರಕರ ಸೈಟಿನಲ್ಲಿ ಮಾಡೆಲ್ ನಂಬರ್ ಹಾಕಿ ಅಲ್ಲಿನ ಡ್ರೈವರನ್ನೇ ಪ್ರಯತ್ನಿಸಿ.

ಇದಕ್ಕೂ ಬಗ್ಗದಿದ್ದರೆ, ಅಥವಾ ಎನ್‌ವಿಡಿಯಾದಿಂದ ಎಎಂಡಿಗೆ ಬದಲಾಗಿದ್ದರೆ, ಹಳೆಯ ಡ್ರೈವರಿನ ಕುರುಹೂ ಉಳಿಯದಂತೆ ಅಳಿಸುವ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್, ಅಂದರೆ ಡಿಡಿಯು ಬಳಸಿ. ಕ್ರಮ ತಪ್ಪಿಸಬೇಡಿ:

1. ಡಿಡಿಯು ಮತ್ತು ಹೊಸ ಡ್ರೈವರ್ ಎರಡನ್ನೂ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.
2. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಅಗತ್ಯ ಡ್ರೈವರ್‌ಗಳಷ್ಟೇ ಇರುವ ಸೇಫ್ ಮೋಡ್‌ಗೆ ಹೋಗುವಾಗ ಆ 48 ಅಂಕಿ ಕೇಳಬಹುದು.
3. ಇಂಟರ್‌ನೆಟ್ ಕಡಿದುಹಾಕಿ. ಇಲ್ಲದಿದ್ದರೆ ಡ್ರೈವರ್ ಹೋದದ್ದೇ ತಡ, ವಿಂಡೋಸ್ ಅಪ್‌ಡೇಟ್ ತನ್ನದನ್ನು ತಂದು ಹಾಕಿಬಿಡುತ್ತದೆ.
4. ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ; ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಶನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ನಂತರ ಸೇಫ್ ಮೋಡ್‌ಗೆ 4 ಒತ್ತಿ.
5. ಡಿಡಿಯುನಲ್ಲಿ ಜಿಪಿಯು (ಗ್ರಾಫಿಕ್ಸ್ ಚಿಪ್) ಮತ್ತು ಕಂಪನಿ ಆರಿಸಿ ಕ್ಲೀನ್ ಅಂಡ್ ರೀಸ್ಟಾರ್ಟ್. ನಂತರ ಹೊಸ ಡ್ರೈವರ್ ಹಾಕಿ, ಆಮೇಲೆ ಇಂಟರ್‌ನೆಟ್.

ಎಲ್ಲರಿಗೂ ಇತ್ತೀಚಿನ ಡ್ರೈವರ್ ಒಗ್ಗುವುದಿಲ್ಲ. ಎಷ್ಟೋ ಮನೆಗಳಲ್ಲಿರುವ ಜಿಟಿ 710 ಕಾರ್ಡಿಗೆ ಎನ್‌ವಿಡಿಯಾ 470 ಸರಣಿಯೇ ಕೊನೆ. ಜಿಟಿ 730 ಹೆಸರಿನಲ್ಲಂತೂ ಎರಡು ಪೀಳಿಗೆಯ ಚಿಪ್‌ಗಳು ಬಂದಿವೆ. ಹಳೆಯ ಫರ್ಮಿ ಚಿಪ್ಪಿನದಕ್ಕೆ 391.35 ಹಾಕಬೇಕು. ನಿಮ್ಮದು ಯಾವುದೆಂದು ಜಿಪಿಯು-ಝಡ್ ಎಂಬ ತಂತ್ರಾಂಶ ತೋರಿಸುತ್ತದೆ.

ಎರಡು ಬೇರೆ ಡ್ರೈವರ್ ಹಾಕಿದ ಮೇಲೂ ಗೇಮ್ ಆಡುವಾಗ ಮಾತ್ರ 4101 ಬರುತ್ತಿದ್ದರೆ ಓವರ್‌ಕ್ಲಾಕ್ (ನಿಗದಿಗಿಂತ ಹೆಚ್ಚಿಸಿದ ವೇಗ) ತೆಗೆದು, ಫ್ಯಾನ್ ತಿರುಗುತ್ತಿದೆಯೇ ನೋಡಿ, ಪವರ್ ಸಪ್ಲೈ ಮೇಲೆ ಅನುಮಾನಪಡಿ. ಮದರ್‌ಬೋರ್ಡಿನ ಸ್ಲಾಟಿನಿಂದ ಕಾರ್ಡಿಗೆ ಸಿಗುವುದು ಹೆಚ್ಚೆಂದರೆ 75 ವ್ಯಾಟ್, 6 ಪಿನ್ ಪವರ್ ಕೇಬಲ್‌ನಿಂದ 75, 8 ಪಿನ್‌ನಿಂದ 150. ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 570, 580 ಕಾರ್ಡ್‌ಗಳು ಡ್ರೈವರನ್ನೇ ಒಪ್ಪದಿದ್ದರೆ, ಕ್ರಿಪ್ಟೊ ಮೈನಿಂಗ್‌ಗೆಂದು ಕಾರ್ಡಿನೊಳಗೇ ಇರುವ ಅದರದೇ ಬಯೋಸ್ ತಿದ್ದಿರುವ ಸಾಧ್ಯತೆ ಇದೆ. ಕೆಲವು ಕಾರ್ಡ್‌ಗಳ ಮೇಲಂಚಿನಲ್ಲಿ ಉಗುರಿಗೆ ಸಿಕ್ಕುವಷ್ಟು ಪುಟ್ಟ ಸ್ವಿಚ್ ಇರುತ್ತದೆ: ಕಂಪ್ಯೂಟರ್ ಪೂರ್ತಿ ಆಫ್ ಮಾಡಿ ಅದನ್ನು ಇನ್ನೊಂದು ಬದಿಗೆ ತಳ್ಳಿದರೆ ಎರಡನೇ ಬಯೋಸ್‌ನಿಂದ ಕಾರ್ಡ್ ಶುರುವಾಗುತ್ತದೆ.