ಶೇಕ್ಸ್‌ಪಿಯರ್ ದುರಂತ ನಾಟಕ ಪಠ್ಯವಾದಾಗ: ಮ್ಯಾಕ್‌ಬೆತ್ ಓದುವ ಬಗೆ

ಹೈಸ್ಕೂಲಿನ ಇಂಗ್ಲಿಷ್ ತರಗತಿಯಲ್ಲಿ ಶೇಕ್ಸ್‌ಪಿಯರ್ ನಾಟಕ ಬಂದಾಗ ಹೆಚ್ಚಿನವರು ಮೊದಲು ಹುಡುಕುವುದು ಕಥೆಯ ಸಾರಾಂಶವನ್ನು. ಅದರಲ್ಲಿ ತಪ್ಪೇನಿಲ್ಲ. ಓದು ಅಲ್ಲಿಗೇ ನಿಂತುಹೋದರೆ ಮಾತ್ರ ನಾಟಕ ಕೈಗೆ ಸಿಗುವುದಿಲ್ಲ. ಮ್ಯಾಕ್‌ಬೆತ್‌ನ ಕಥೆ ಎರಡು ಮೂರು ವಾಕ್ಯಗಳಲ್ಲಿ ಮುಗಿಯುತ್ತದೆ: ನೀನು ರಾಜನಾಗುವೆ ಎಂಬ ಭವಿಷ್ಯವಾಣಿಯನ್ನು ಮಾಟಗಾತಿಯರಿಂದ ಕೇಳಿದ ಒಬ್ಬ ಸೇನಾನಿ ರಾಜನನ್ನು ಕೊಂದು ಸಿಂಹಾಸನ ಏರುತ್ತಾನೆ, ಅದನ್ನು ಉಳಿಸಿಕೊಳ್ಳಲು ಕೊಲ್ಲುತ್ತಲೇ ಹೋಗುತ್ತಾನೆ, ಕೊನೆಗೆ ತಾನೂ ಹತನಾಗುತ್ತಾನೆ. ಆದರೆ ಇದು ಮಾಡಬಾರದ ಕೆಲಸವೆಂದು ಚೆನ್ನಾಗಿ ಗೊತ್ತಿದ್ದವನು ಅದನ್ನೇ ಮಾಡಲು ಹೇಗೆ ಒಪ್ಪಿದ, ಮಾಡಿದ ಮೇಲೆ ಅವನ ಮಾತು ಹೇಗೆ ಬದಲಾಯಿತು ಎಂಬುದು ಸಾರಾಂಶದಲ್ಲಿ ಇರುವುದಿಲ್ಲ, ಸಾಲುಗಳಲ್ಲೇ ಇರುತ್ತದೆ. ಆದ್ದರಿಂದ ಓದಿನ ಸಮಯದ ದೊಡ್ಡ ಪಾಲನ್ನು ಕೆಲವೇ ದೃಶ್ಯಗಳ ಮೇಲೆ ಹಾಕಿ. ಇಡೀ ನಾಟಕವನ್ನು ಒಂದೇ ಸಮನಾಗಿ ಓದಲು ಹೋಗಬೇಡಿ.

ಇಲ್ಲಿ ಮ್ಯಾಕ್‌ಬೆತ್‌ನನ್ನು ಉದಾಹರಣೆಯಾಗಿ ತೆಗೆದುಕೊಂಡಿರುವುದಕ್ಕೆ ಕಾರಣ ಅದರ ಗಾತ್ರ. ಶೇಕ್ಸ್‌ಪಿಯರ್ ಬರೆದ ದುರಂತ ನಾಟಕಗಳಲ್ಲಿ ಇದೇ ಅತಿ ಚಿಕ್ಕದು, ಸುಮಾರು 2,100 ಸಾಲು. ಹ್ಯಾಮ್ಲೆಟ್ ಹೆಚ್ಚುಕಡಿಮೆ ಇದರ ಎರಡರಷ್ಟಿದೆ. ಇಲ್ಲಿ ಹೇಳುವ ಓದಿನ ಕ್ರಮ ಮಾತ್ರ ಹ್ಯಾಮ್ಲೆಟ್, ಒಥೆಲೊ, ರೋಮಿಯೊ ಅಂಡ್ ಜೂಲಿಯೆಟ್ ಎಲ್ಲಕ್ಕೂ ಅದೇ. ಮುಂದೆ 1.7 ಎಂದು ಕಂಡಲ್ಲಿ ಒಂದನೇ ಅಂಕ, ಏಳನೇ ದೃಶ್ಯ ಎಂದು ಓದಿಕೊಳ್ಳಿ.

ಪುಸ್ತಕ

ಮೂಲ ಪಠ್ಯದ ಎದುರು ಪುಟದಲ್ಲೇ ಪದಗಳ ಅರ್ಥ ಕೊಟ್ಟಿರುವ ಶಾಲಾ ಆವೃತ್ತಿ ತೆಗೆದುಕೊಳ್ಳಿ. ಅರ್ಥಕ್ಕಾಗಿ ಪ್ರತಿ ಸಲ ಪುಸ್ತಕದ ಕೊನೆಗೆ ಹಾರುವವರು ಎರಡನೇ ಅಂಕದ ಹೊತ್ತಿಗೆ ಬೇಸತ್ತು ಬಿಟ್ಟುಬಿಡುತ್ತಾರೆ. ಫೋಲ್ಜರ್ ಆವೃತ್ತಿಯ ಪಠ್ಯ ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ತರಗತಿಯಲ್ಲಿ ಎಲ್ಲರ ಬಳಿಯೂ ಒಂದೇ ಆವೃತ್ತಿ ಇದ್ದರೆ ಒಳ್ಳೆಯದು. ಗದ್ಯಭಾಗಗಳಲ್ಲಿ ಸಾಲಿನ ಸಂಖ್ಯೆ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ, ಐದನೇ ಅಂಕವನ್ನು ಕೆಲವರು ಎಂಟು ದೃಶ್ಯವಾಗಿ, ಕೆಲವರು ಒಂಬತ್ತಾಗಿ ವಿಂಗಡಿಸುತ್ತಾರೆ. "42ನೇ ಸಾಲು ನೋಡಿ" ಎಂದಾಗ ಅರ್ಧ ತರಗತಿ ಬೇರೆಲ್ಲೋ ನೋಡುತ್ತಿರುತ್ತದೆ.

ಪ್ರತಿ ಸಾಲನ್ನೂ ಇಂದಿನ ಇಂಗ್ಲಿಷ್‌ಗೆ ಇಳಿಸಿದ ಪುಸ್ತಕಗಳನ್ನು ಬಳಸಬಹುದು, ಆದರೆ ಮೂಲ ಓದಿದ ನಂತರ. ಮೊದಲೇ ಓದಿದರೆ ಕಣ್ಣು ಮತ್ತೆ ಮೂಲದ ಕಡೆ ಹೊರಳುವುದಿಲ್ಲ.

ಮೊದಲ ಓದು: ಕಿವಿಯಿಂದ

ಕಥೆ ಮೊದಲೇ ಗೊತ್ತಾದರೆ ಸ್ವಾರಸ್ಯ ಹೋಗುತ್ತದೆ ಎಂಬ ಭಯ ಬೇಡ. ರೋಮಿಯೊ ಅಂಡ್ ಜೂಲಿಯೆಟ್‌ನಲ್ಲಿ ಇಬ್ಬರು ಪ್ರೇಮಿಗಳೂ ಸಾಯುತ್ತಾರೆ ಎಂಬುದನ್ನು ಆರಂಭದ 14 ಸಾಲಿನ ಪ್ರೊಲಾಗ್‌ನಲ್ಲೇ (ನಾಟಕದ ಪೀಠಿಕೆಯಲ್ಲೇ) ಹೇಳಿಬಿಡುತ್ತಾರೆ. ಒಂದು ಪುಟದ ಸಾರಾಂಶ ಓದಿ, ಪಾತ್ರಗಳ ಹೆಸರು ಮತ್ತು ಅವರ ಸಂಬಂಧವನ್ನು ಒಂದು ಚೀಟಿಯಲ್ಲಿ ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ. ಆಮೇಲೆ ಇಡೀ ನಾಟಕದ ಆಡಿಯೊ ಹಾಕಿ, ಪುಸ್ತಕದಲ್ಲಿ ಸಾಲು ಹಿಡಿದು ಅನುಸರಿಸಿ. ರಂಗದ ಮೇಲೆ ಇದು ಎರಡು, ಎರಡೂವರೆ ಗಂಟೆಯ ನಾಟಕ. ಎರಡು ಬಾರಿ ಕೂತರೆ ಮುಗಿಯುತ್ತದೆ. ಗೊತ್ತಿಲ್ಲದ ಪದ ಬಂದಾಗ ನಿಲ್ಲಿಸಬೇಡಿ, ಪೆನ್ಸಿಲ್‌ನಲ್ಲಿ ಒಂದು ಚುಕ್ಕೆ ಇಟ್ಟು ಮುಂದೆ ಹೋಗಿ.

ಎರಡನೇ ಓದು: ಸಾಲು ಬಿಡಿಸುವುದು

ಈಗ ದೃಶ್ಯ ದೃಶ್ಯವಾಗಿ ಓದಿ. ಪ್ರತಿ ದೃಶ್ಯಕ್ಕೆ ನೋಟ್‌ಬುಕ್‌ನಲ್ಲಿ ನಾಲ್ಕು ಸಾಲು ಸಾಕು: ರಂಗದ ಮೇಲೆ ಯಾರಿದ್ದಾರೆ, ಯಾರಿಗೆ ಏನು ಬೇಕಾಗಿದೆ, ದೃಶ್ಯ ಮುಗಿಯುವಾಗ ಏನು ಬದಲಾಗಿದೆ, ನೆನಪಿಡಬೇಕಾದ ಒಂದು ಮಾತು ಯಾವುದು. ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಆ ದೃಶ್ಯ ನಿಮಗೆ ಇನ್ನೂ ಅರ್ಥವಾಗಿಲ್ಲ ಎಂದೇ ಲೆಕ್ಕ.

ಎಲ್ಲರೂ ಎಡವುವುದು ಸಾಲಿನ ಕೊನೆಯಲ್ಲಿ ಉಸಿರು ನಿಲ್ಲಿಸುವುದರಿಂದ. ವಾಕ್ಯ ಮುಗಿಯುವುದು ಪೂರ್ಣವಿರಾಮದಲ್ಲಿ, ಸಾಲಿನ ತುದಿಯಲ್ಲಲ್ಲ. ಉದ್ದ ವಾಕ್ಯ ಸಿಕ್ಕಾಗ ಮೊದಲು ಕ್ರಿಯಾಪದ ಹುಡುಕಿ, ಆಮೇಲೆ ಆ ಕೆಲಸ ಮಾಡುವವರು ಯಾರೆಂದು ನೋಡಿ, ಉಳಿದ ತುಂಡುಗಳನ್ನು ಅವುಗಳಿಗೆ ಜೋಡಿಸಿ. ಶೇಕ್ಸ್‌ಪಿಯರ್ ಪದಗಳನ್ನು ಹಿಂದುಮುಂದು ಮಾಡುವ ಕಡೆಯಲ್ಲೆಲ್ಲ ಈ ಉಪಾಯ ಕೆಲಸ ಮಾಡುತ್ತದೆ.

ಅಪರಿಚಿತ ಪದಗಳಿಗಿಂತ ಹೆಚ್ಚು ಮೋಸ ಮಾಡುವುದು ಪರಿಚಿತ ಪದಗಳೇ. ಗೊತ್ತಿಲ್ಲದ್ದನ್ನು ಹೇಗೂ ಹುಡುಕಿ ನೋಡುತ್ತೀರಿ. ಗೊತ್ತಿದೆ ಅಂದುಕೊಂಡದ್ದನ್ನು ಹುಡುಕುವುದಿಲ್ಲ. ಈ ನಾಟಕದಲ್ಲೇ ಸಿಗುವ ಕೆಲವು: 'ಓ' (owe) ಎಂದರೆ ಸಾಲವಲ್ಲ, ಸ್ವಂತವಾಗಿ ಹೊಂದಿರುವುದು (3.4). 'ಮಾಡರ್ನ್' ಎಂದರೆ ಸಾಮಾನ್ಯವಾದದ್ದು (4.3). 'ಲಕ್ಷೂರಿಯಸ್' ಎಂದರೆ ಕಾಮುಕ (4.3). 'ಸೆನ್ಸಿಬಲ್' ಎಂದರೆ ಇಂದ್ರಿಯಗಳಿಗೆ ಸಿಗುವಂಥದ್ದು (2.1). 'ಸ್ಪೆಕ್ಯುಲೇಶನ್' ಎಂದರೆ ಕಣ್ಣಿನ ನೋಟ (3.4). 'ಫೆಲ್' ಎಂದರೆ ಕ್ರೂರ (1.5). ಇಂಥ ಹತ್ತಿಪ್ಪತ್ತು ಪದಗಳ ಪಟ್ಟಿಯನ್ನು ನೀವೇ ಮಾಡಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

'ದೌ' (ನೀನು) ಮತ್ತು 'ಯು' (ನೀವು) ಎಲ್ಲಿ ಬದಲಾಗುತ್ತವೆ ಎಂಬುದನ್ನೂ ಗುರುತು ಹಾಕುತ್ತಾ ಹೋಗಿ. 3.1ರ ಆರಂಭದಲ್ಲಿ ಒಬ್ಬನೇ ಇರುವ ಬ್ಯಾಂಕೋ, ಅಂದರೆ ಮ್ಯಾಕ್‌ಬೆತ್‌ನ ಜೊತೆಗಾರ ಸೇನಾನಿ, ಎದುರಿಗಿಲ್ಲದ ಮ್ಯಾಕ್‌ಬೆತ್‌ನನ್ನು 'ದೌ' ಎಂದು ಏಕವಚನದಲ್ಲೇ ಕರೆದು, ನೀನು ಈ ಪಟ್ಟವನ್ನು ಮೋಸದಿಂದ ಪಡೆದಿರಬೇಕು ಎನ್ನುತ್ತಾನೆ. ಕೆಲವೇ ಕ್ಷಣದಲ್ಲಿ ರಾಜನಾಗಿ ಮ್ಯಾಕ್‌ಬೆತ್ ಒಳಬಂದಾಗ ಅವನ ಬಾಯಲ್ಲಿ 'ಯುವರ್ ಹೈನೆಸ್' ಬರುತ್ತದೆ. ಅನುಮಾನವೂ ಭಯವೂ ಆ ಸರ್ವನಾಮದಲ್ಲಿ ಕಾಣುತ್ತವೆ.

ಲಯ ಎಷ್ಟು ಗೊತ್ತಿರಬೇಕು

ನಾಟಕದ ಬಹುಭಾಗ ಬ್ಲಾಂಕ್ ವರ್ಸ್, ಅಂದರೆ ಪ್ರಾಸವಿಲ್ಲದ ಐಯಾಂಬಿಕ್ ಪೆಂಟಾಮೀಟರ್. ಸಾಲಿಗೆ ಹತ್ತು ಸಿಲಬಲ್ (ಪದದ ಉಚ್ಚಾರದ ತುಣುಕು), ಅದರಲ್ಲಿ ಐದಕ್ಕೆ ಒತ್ತು. ಮ್ಯಾಕ್‌ಬೆತ್ ಆಡುವ ಮೊದಲ ಮಾತನ್ನೇ ಮೇಜು ತಟ್ಟಿ ಓದಿ ನೋಡಿ: "ಸೋ ಫೌಲ್ ಅಂಡ್ ಫೇರ್ ಅ ಡೇ ಐ ಹ್ಯಾವ್ ನಾಟ್ ಸೀನ್" (1.3). ಹತ್ತು ಸಿಲಬಲ್ ಸರಿಯಾಗಿ ಸಿಗುತ್ತವೆ. ಇನ್ನೊಂದು ವಿಷಯವೂ ಸಿಗುತ್ತದೆ: 'ಫೌಲ್', 'ಫೇರ್' ಎರಡೂ 1.1ರಲ್ಲಿ ಮಾಟಗಾತಿಯರು ಆಡಿದ ಪದಗಳು. ಅವನು ಇನ್ನೂ ಅವರನ್ನು ಭೇಟಿಯೇ ಆಗಿಲ್ಲ.

ಲಯದ ಹೆಸರು ಬರೆದರೆ ಪರೀಕ್ಷೆಯಲ್ಲಿ ಮಾರ್ಕ್ಸ್ ಬರುವುದಿಲ್ಲ. ಲಯ ಎಲ್ಲಿ ಮುರಿಯಿತು, ಏಕೆ ಮುರಿಯಿತು ಎಂದು ತೋರಿಸಬೇಕು. ಮಾಟಗಾತಿಯರು ಏಳೆಂಟು ಸಿಲಬಲ್‌ನ ಚಿಕ್ಕ, ಪ್ರಾಸಬದ್ಧ ಸಾಲುಗಳಲ್ಲಿ ಮಾತನಾಡುತ್ತಾರೆ, ಒತ್ತು ಮೊದಲ ಸಿಲಬಲ್‌ಗೇ ಬೀಳುತ್ತದೆ. ಹಾಗಾಗಿ ಅವರು ಮನುಷ್ಯಲೋಕದವರಲ್ಲ ಎಂದು ಕಿವಿಗೇ ಗೊತ್ತಾಗುತ್ತದೆ. 2.3ರ ಬಾಗಿಲು ಕಾಯುವವನು ಗದ್ಯದಲ್ಲಿ ಮಾತಾಡುತ್ತಾನೆ. ಎಲ್ಲಕ್ಕಿಂತ ಮುಖ್ಯವಾದದ್ದು 5.1: ಅಲ್ಲಿಯವರೆಗೆ ಗಂಡನಿಗಿಂತ ಬಿಗಿಯಾಗಿ ಪದ್ಯದಲ್ಲಿ ಮಾತಾಡುತ್ತಿದ್ದ ಲೇಡಿ ಮ್ಯಾಕ್‌ಬೆತ್, ನಿದ್ದೆಯಲ್ಲಿ ನಡೆಯುವಾಗ ಚೂರುಚೂರು ಗದ್ಯಕ್ಕೆ ಇಳಿಯುತ್ತಾಳೆ.

ಮೂರನೇ ಓದು: ಐದಾರು ದೃಶ್ಯ, ಆಳವಾಗಿ

1.7, 2.2, 3.1, 3.4, 5.1, 5.5. ಇವಿಷ್ಟನ್ನು ಪದಪದವಾಗಿ ಓದಿ.

1.7ರ ಸ್ವಗತ "ಇಫ್ ಇಟ್ ವರ್ ಡನ್ ವೆನ್ ಟಿಸ್ ಡನ್, ದೆನ್ ಟ್ವರ್ ವೆಲ್ ಇಟ್ ವರ್ ಡನ್ ಕ್ವಿಕ್ಲಿ" ಎಂದು ಆರಂಭವಾಗುತ್ತದೆ. 'ಡನ್' ಮೂರು ಸಲ ಬರುತ್ತದೆ, ಏನನ್ನು ಎಂಬುದು ಮಾತ್ರ ಬಾಯಿಗೆ ಬರುವುದಿಲ್ಲ, ಬರೀ 'ಇಟ್'. ಮುಂದೆ ಕೊಲ್ಲಬಾರದು ಎಂಬುದಕ್ಕೆ ಕಾರಣಗಳನ್ನು ಅವನೇ ಪಟ್ಟಿ ಮಾಡುತ್ತಾನೆ: ತಾನು ರಾಜ ಡಂಕನ್‌ನ ಬಂಧು, ಅವನ ಪ್ರಜೆ, ಇಂದು ರಾತ್ರಿ ಅವನಿಗೆ ಆತಿಥೇಯ. ಜೊತೆಗೆ ಡಂಕನ್ ಒಳ್ಳೆಯ ರಾಜ. ಕೊಲ್ಲಲು ಇರುವ ಕಾರಣ ಒಂದೇ, 'ವಾಲ್ಟಿಂಗ್ ಆಂಬಿಷನ್', ಎಗರಿ ಹಾರುವ ಮಹತ್ವಾಕಾಂಕ್ಷೆ. ಸ್ವಗತ ಮುಗಿಯುತ್ತಿದ್ದಂತೆ ಹೆಂಡತಿಗೆ "ಇನ್ನು ಮುಂದುವರಿಯುವುದು ಬೇಡ" ಎಂದೂ ಹೇಳುತ್ತಾನೆ. ಸುಮಾರು 80 ಸಾಲಿನ ಅದೇ ದೃಶ್ಯದ ಕೊನೆಯಲ್ಲಿ "ಐ ಆಮ್ ಸೆಟಲ್ಡ್" ಎನ್ನುತ್ತಾನೆ. ನಡುವೆ ಲೇಡಿ ಮ್ಯಾಕ್‌ಬೆತ್ ಅವನ ಒಂದು ಕಾರಣಕ್ಕೂ ಉತ್ತರ ಕೊಟ್ಟಿಲ್ಲ. ಅವನ ಗಂಡಸುತನವನ್ನು ಕೆಣಕುತ್ತಾಳೆ, ಮಾತು ತಪ್ಪಿದೆ ಎನ್ನುತ್ತಾಳೆ, ಸಿಕ್ಕಿಬೀಳದಂತೆ ಮಾಡುವ ಯೋಜನೆ ಕೊಡುತ್ತಾಳೆ. ಅವಳ ಮಾತನ್ನು ಈ ಮೂರು ಬಣ್ಣದಲ್ಲಿ ಗುರುತಿಸಿದರೆ ದೃಶ್ಯದ ಕಟ್ಟಡ ಪೂರ್ತಿ ಕಾಣುತ್ತದೆ.

ಈ ಸ್ವಗತಕ್ಕೆ ನಟರು ಬಳಸುವ ಒಂದು ಅಭ್ಯಾಸ ಚೆನ್ನಾಗಿ ಒಗ್ಗುತ್ತದೆ. ನಡೆಯುತ್ತಾ ಗಟ್ಟಿಯಾಗಿ ಓದಿ, ಪ್ರತಿ ವಿರಾಮಚಿಹ್ನೆಗೆ ದಿಕ್ಕು ಬದಲಿಸಿ. ನಾಲ್ಕು ಹೆಜ್ಜೆ ನೇರ ನಡೆಯಲೂ ಆಗುವುದಿಲ್ಲ. ಅವನ ಮನಸ್ಸಿನ ಹೊಯ್ದಾಟ ಕಾಲಿಗೆ ಗೊತ್ತಾಗುತ್ತದೆ.

ತರಗತಿಯಲ್ಲಿ ಆಡಿ ನೋಡಲು 2.2ರಷ್ಟು ಹೊಂದುವ ದೃಶ್ಯ ಇನ್ನೊಂದಿಲ್ಲ. ಮಾತನಾಡುವವರು ಇಬ್ಬರೇ, ಸುಮಾರು 75 ಸಾಲು. ಇಡೀ ತರಗತಿಯನ್ನು ಜೋಡಿಗಳಾಗಿ ಮಾಡಿ ಏಕಕಾಲಕ್ಕೆ ಓದಿಸಬಹುದು. ಕೊಲೆ ರಂಗದ ಹೊರಗೆ ನಡೆದಿದೆ, ಗಂಡ ಹೆಂಡತಿ ಕತ್ತಲಲ್ಲಿ ಭೇಟಿಯಾಗುತ್ತಾರೆ. "ಡಿಡ್ ನಾಟ್ ಯು ಸ್ಪೀಕ್?" "ವೆನ್?" "ನೌ." "ಆಸ್ ಐ ಡಿಸೆಂಡೆಡ್?" ನಾಲ್ಕನ್ನೂ ಕೂಡಿಸಿದರೆ ಹೆಚ್ಚುಕಡಿಮೆ ಒಂದೇ ಸಾಲಿನ ಅಳತೆ. ಒಂದು ಸಾಲನ್ನು ಇಬ್ಬರು ಹಂಚಿಕೊಂಡಿದ್ದಾರೆಂದರೆ ನಡುವೆ ನಿಲುಗಡೆಯಿಲ್ಲದೆ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳುವಂತೆ ಓದಬೇಕು. ನಿಧಾನವಾಗಿ ಓದಿದ ಜೋಡಿಗೆ ಇಲ್ಲಿನ ಗಾಬರಿ ಸಿಗುವುದೇ ಇಲ್ಲ.

ಆಮೇಲೆ ಇಬ್ಬರೂ ಕೈ ತೊಳೆಯುವ ಬಗ್ಗೆ ಏನು ಹೇಳುತ್ತಾರೆ ನೋಡಿ. ಸಮುದ್ರದ ನೀರೆಲ್ಲ ಸುರಿದರೂ ಈ ರಕ್ತ ಹೋಗದು ಎನ್ನುತ್ತಾನೆ ಅವನು. "ಅ ಲಿಟಲ್ ವಾಟರ್ ಕ್ಲಿಯರ್ಸ್ ಅಸ್ ಆಫ್ ದಿಸ್ ಡೀಡ್" ಎನ್ನುತ್ತಾಳೆ ಅವಳು. 5.1ರಲ್ಲಿ ಅರೇಬಿಯದ ಸುಗಂಧವೆಲ್ಲ ಸೇರಿದರೂ ಈ ಪುಟ್ಟ ಕೈಯ ವಾಸನೆ ಹೋಗದು ಎನ್ನುವವಳು ಅವಳೇ. ಅಷ್ಟರಲ್ಲಿ ಅವನು ರಕ್ತದಲ್ಲಿ ಎಷ್ಟು ದೂರ ಬಂದಿದ್ದೇನೆಂದರೆ ಹಿಂದಿರುಗುವುದೂ ಮುಂದೆ ಹೋದಷ್ಟೇ ಕಷ್ಟ ಎಂದು 3.4ರಲ್ಲೇ ಹೇಳಿ ಮುಂದೆ ಸಾಗಿದ್ದಾನೆ. ಇಬ್ಬರೂ ಜಾಗ ಅದಲುಬದಲು ಮಾಡಿಕೊಂಡಿದ್ದಾರೆ. ಈ ಮೂರು ದೃಶ್ಯಗಳನ್ನು ಒಂದೇ ಪುಟದಲ್ಲಿ ಪಕ್ಕಪಕ್ಕ ಬರೆದುಕೊಳ್ಳಿ. ಅಪರಾಧಪ್ರಜ್ಞೆ, ದಾಂಪತ್ಯ, ಪಾತ್ರದ ಬದಲಾವಣೆ, ಯಾವ ಪ್ರಶ್ನೆ ಬಂದರೂ ಆ ಪುಟ ಕೈಹಿಡಿಯುತ್ತದೆ.

'ದುರಂತದೋಷ' ಎಂಬ ಸುಲಭ ಉತ್ತರ

"ಮಹತ್ವಾಕಾಂಕ್ಷೆಯೇ ಮ್ಯಾಕ್‌ಬೆತ್‌ನ ದೋಷ" ಎಂದು ಬರೆದು ನಿಲ್ಲಿಸುವವರು ಬಹಳ. ಅರಿಸ್ಟಾಟಲ್ ಬಳಸಿದ 'ಹಮಾರ್ಶಿಯ' ಎಂಬ ಮಾತು ಸ್ವಭಾವದ ದೋಷಕ್ಕಿಂತ ಎಸಗಿದ ತಪ್ಪಿಗೆ ಹತ್ತಿರ. ಮೇಲಾಗಿ ಅವನು ನೋಡಿ ಬರೆದದ್ದು ಗ್ರೀಕ್ ನಾಟಕಗಳ ಬಗ್ಗೆ. ಮಹತ್ವಾಕಾಂಕ್ಷೆ ಬ್ಯಾಂಕೋಗೂ ಇದೆ, ಅವನೂ ಅದೇ ಭವಿಷ್ಯವಾಣಿ ಕೇಳಿದ್ದಾನೆ. ಅವನು ಕೊಲ್ಲಲಿಲ್ಲ, ಮ್ಯಾಕ್‌ಬೆತ್ ಏಕೆ ಕೊಂದ? ಉತ್ತರ ಅಲ್ಲಿಂದ ಶುರುವಾಗಲಿ. ಕೊಲೆಗಳು ಸಾಗುವ ಕ್ರಮವನ್ನೂ ಗಮನಿಸಿ: ಡಂಕನ್‌ನನ್ನು ಸ್ವಂತ ಕೈಯಿಂದ, ನಮಗೆ ಕಾಣದಂತೆ ಕೊಲ್ಲುತ್ತಾನೆ. ಬ್ಯಾಂಕೋನನ್ನು ಬೇರೆಯವರಿಂದ, ನಮ್ಮ ಕಣ್ಣೆದುರೇ, ಹೆಂಡತಿಗೂ ತಿಳಿಸದೆ ಕೊಲ್ಲಿಸುತ್ತಾನೆ. ತನ್ನನ್ನು ಕೊನೆಗೆ ಕೊಲ್ಲುವ ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳನ್ನು ಕೊಲ್ಲಿಸುವಾಗ ಅವನಿಗೆ ಸಿಗುವ ಲಾಭವೇ ಇಲ್ಲ.

ಹಿನ್ನೆಲೆ

ನಾಟಕ ಬರೆದದ್ದು 1606ರ ಸುಮಾರಿಗೆ, ಅಚ್ಚಾದದ್ದು 1623ರ ಫಸ್ಟ್ ಫೋಲಿಯೊದಲ್ಲಿ, ಅಂದರೆ ಶೇಕ್ಸ್‌ಪಿಯರ್ ನಾಟಕಗಳ ಮೊದಲ ಸಂಗ್ರಹದಲ್ಲಿ. 1603ರಲ್ಲಿ ಇಂಗ್ಲೆಂಡಿನ ಸಿಂಹಾಸನ ಏರಿದ ಜೇಮ್ಸ್ ಸ್ಕಾಟ್ಲೆಂಡಿನವನು, ಮಾಟಗಾತಿಯರ ಬಗ್ಗೆ 1597ರಲ್ಲಿ ಪುಸ್ತಕವನ್ನೇ ಪ್ರಕಟಿಸಿದವನು, ಬ್ಯಾಂಕೋ ತನ್ನ ಪೂರ್ವಜನೆಂದು ನಂಬಲಾಗಿದ್ದ ವಂಶದವನು. 1605ರಲ್ಲಿ ಗನ್‌ಪೌಡರ್ ಸಂಚಿನಿಂದ, ಅಂದರೆ ಸಿಡಿಮದ್ದಿಟ್ಟು ಅವನನ್ನು ಕೊಲ್ಲುವ ಸಂಚಿನಿಂದ, ಪಾರಾಗಿದ್ದ. ಇದನ್ನೆಲ್ಲ ಉತ್ತರದ ಮೊದಲ ಪ್ಯಾರಾದಲ್ಲಿ ತುಂಬಬೇಡಿ. ಒಂದು ಸಾಲನ್ನು ವಿವರಿಸಲು ಬೇಕಾದಲ್ಲಿ ಮಾತ್ರ ತನ್ನಿ. ಉದಾಹರಣೆಗೆ, ಶೇಕ್ಸ್‌ಪಿಯರ್ ಕಥೆ ಎತ್ತಿಕೊಂಡ ಹಾಲಿನ್‌ಶೆಡ್‌ನ ಚರಿತ್ರೆಯಲ್ಲಿ ಬ್ಯಾಂಕೋ ಕೊಲೆಯ ಪಾಲುದಾರ. ನಾಟಕದಲ್ಲಿ ಹಾಗಿಲ್ಲ. ರಾಜನ ಪೂರ್ವಜನನ್ನು ಕೊಲೆಗಾರನಾಗಿ ತೋರಿಸುವಂತಿರಲಿಲ್ಲ, ಆದರೆ ಆ ಬದಲಾವಣೆಯಿಂದ ಮ್ಯಾಕ್‌ಬೆತ್‌ನ ಪಕ್ಕದಲ್ಲಿ ನಿಲ್ಲಿಸಿ ಹೋಲಿಸಬಲ್ಲ ಒಬ್ಬ ಮನುಷ್ಯನೂ ನಾಟಕಕ್ಕೆ ದಕ್ಕಿದ.

ಸಿನಿಮಾ ನೋಡುವುದಾದರೆ ಎರಡು ಆವೃತ್ತಿಗಳ ಒಂದೇ ದೃಶ್ಯವನ್ನು ಹೋಲಿಸಿ. ಇಯಾನ್ ಮೆಕೆಲನ್ ಮತ್ತು ಜೂಡಿ ಡೆಂಚ್ ನಟಿಸಿದ 1979ರ ಟಿವಿ ಆವೃತ್ತಿ, ಜೋಯೆಲ್ ಕೋಯೆನ್ ನಿರ್ದೇಶಿಸಿದ 2021ರ ಸಿನಿಮಾ ಸಾಕು. 3.4ರಲ್ಲಿ ಬ್ಯಾಂಕೋನ ಪ್ರೇತ ಬಂದು ಮ್ಯಾಕ್‌ಬೆತ್‌ನ ಜಾಗದಲ್ಲಿ ಕೂರುತ್ತದೆ ಎಂದು ಫೋಲಿಯೊದ ರಂಗಸೂಚನೆಯಲ್ಲೇ ಇದೆ. ನಿರ್ದೇಶಕರು ಅದನ್ನು ನಮಗೆ ತೋರಿಸಿದ್ದಾರೋ, ಖಾಲಿ ಕುರ್ಚಿಯನ್ನೇ ಬಿಟ್ಟಿದ್ದಾರೋ ನೋಡಿ, ಅದರಿಂದ ಏನು ಬದಲಾಯಿತೆಂದು ಬರೆಯಿರಿ.

ಉತ್ತರ ಬರೆಯುವಾಗ

"ಕೊಲೆಯ ನಂತರ ಮ್ಯಾಕ್‌ಬೆತ್‌ಗೆ ಪಶ್ಚಾತ್ತಾಪವಾಗುತ್ತದೆ" ಎಂಬುದು ಕಥೆ ಹೇಳುವ ವಾಕ್ಯ. "ಆಮೆನ್ ಎಂಬ ಪದ ಗಂಟಲಲ್ಲಿ ಸಿಕ್ಕಿಕೊಂಡಿತು ಎನ್ನುವಾಗ ಮ್ಯಾಕ್‌ಬೆತ್‌ನ ಅಪರಾಧ ಅವನ ದೇಹದ ಮೇಲೆಯೇ ಕಾಣತೊಡಗುತ್ತದೆ, ಪ್ರಾರ್ಥನೆಯಿಂದ ತಾನು ಹೊರಬಿದ್ದಿದ್ದೇನೆ ಎಂಬುದು ಅವನಿಗೆ ಆಗಲೇ ಗೊತ್ತಾಗಿದೆ" ಎಂಬುದು ವಾದ. ಪ್ರತಿ ಪ್ಯಾರಾದಲ್ಲಿ ಒಂದೇ ವಾದ ಇರಲಿ, ಅದಕ್ಕೆ ಮೂರರಿಂದ ಆರು ಪದಗಳ ಉದ್ಧರಣೆ ಇರಲಿ, ಆ ಪದಗಳ ಬಗ್ಗೆ ಎರಡು ವಾಕ್ಯವಾದರೂ ಇರಲಿ. ನಾಲ್ಕು ಸಾಲು ಉದ್ಧರಿಸಿ "ಇದರಿಂದ ತಿಳಿಯುತ್ತದೆ" ಎಂದರೆ ಏನೂ ತಿಳಿಯುವುದಿಲ್ಲ.

ಪಾತ್ರ ಹೇಳಿದ್ದನ್ನು ಶೇಕ್ಸ್‌ಪಿಯರ್‌ನ ಅಭಿಪ್ರಾಯವೆಂದು ಬರೆಯಬೇಡಿ. ಬದುಕೆಂದರೆ ಅರ್ಥವಿಲ್ಲದ ಕಥೆ ಎಂದು 5.5ರಲ್ಲಿ ಹೇಳುವವನು ಹೆಂಡತಿ ಸತ್ತ ಸುದ್ದಿ ಈಗಷ್ಟೇ ಕೇಳಿದ, ಸುತ್ತಲೂ ಶತ್ರುಸೇನೆಯಿರುವ ಮ್ಯಾಕ್‌ಬೆತ್.

ಉದ್ಧರಣೆ ಬಾಯಿಪಾಠ ಮಾಡಲು ಹದಿನೈದು ಸಾಕು. ಎರಡು ಮೂರು ವಿಷಯಗಳಿಗೆ ಹೊಂದುವಂಥವನ್ನು ಆರಿಸಿ, ಚೀಟಿಯ ಒಂದು ಬದಿಯಲ್ಲಿ ಮಾತು, ಇನ್ನೊಂದು ಬದಿಯಲ್ಲಿ ಯಾರು, ಯಾರಿಗೆ, ಯಾವ ದೃಶ್ಯ ಎಂದು ಬರೆಯಿರಿ. ದಿನಕ್ಕೆ ಎರಡರಂತೆ, ನೋಡದೆ ಬರೆದು ಆಮೇಲೆ ತಾಳೆ ನೋಡಿ. 3.2ರ "ವಾಟ್ಸ್ ಡನ್ ಈಸ್ ಡನ್" ಮತ್ತು 5.1ರ "ವಾಟ್ಸ್ ಡನ್ ಕೆನಾಟ್ ಬಿ ಅನ್‌ಡನ್" ಎರಡನ್ನೂ ಒಂದೇ ಚೀಟಿಯಲ್ಲಿ ಬರೆಯಿರಿ, ಎರಡೂ ಲೇಡಿ ಮ್ಯಾಕ್‌ಬೆತ್‌ಳ ಮಾತು. ಜನರ ಬಾಯಲ್ಲಿ ಕೆಟ್ಟು ಬಂದಿರುವ ಸಾಲುಗಳ ಬಗ್ಗೆ ಎಚ್ಚರವಿರಲಿ: ಮಾಟಗಾತಿಯರು ಹೇಳುವುದು "ಡಬಲ್, ಡಬಲ್", "ಬಬಲ್, ಬಬಲ್" ಅಲ್ಲ. ಕೊನೆಯ ಕಾಳಗದಲ್ಲಿ ಮ್ಯಾಕ್‌ಬೆತ್ ಕೂಗುವುದು "ಲೇ ಆನ್, ಮ್ಯಾಕ್‌ಡಫ್", "ಲೀಡ್ ಆನ್" ಅಲ್ಲ.